ಆಡಿಗೆ ಯಾವ ಸೊಪ್ಪು, ಎಷ್ಟು ಸೊಪ್ಪು?



“ಆಡು ಮುಟ್ಟದ ಸೊಪ್ಪಿಲ್ಲ” ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಆಡು ಮುಟ್ಟುವುದೇನೋ ನಿಜ; ಆದರೆ ಮುಟ್ಟಿದ್ದೆಲ್ಲವೂ ಅದಕ್ಕೆ ಹಿತವಲ್ಲ. ಇದನ್ನು ನಾನು ಓದಿದ್ದು ತರಗತಿಯಲ್ಲಿ, ಕಲಿತದ್ದು ನಮ್ಮ ಮನೆಯ ಕೊಟ್ಟಿಗೆಯಲ್ಲಿ.

ಕೃಷಿ ಡಿಪ್ಲೊಮಾ ಮುಗಿಸಿ ಊರಿಗೆ ಬಂದವನೇ ಹೊಲದ ಬದುವಿನುದ್ದಕ್ಕೂ ಸುಬಾಬುಲ್ ಹಚ್ಚಿದೆ. ಎರಡನೆಯ ಬೇಸಿಗೆಯಲ್ಲಿ ಬೇರೆ ಹಸುರು ಇರಲಿಲ್ಲ. ಮನೆಯ ನಾಲ್ಕು ಆಡುಗಳಿಗೂ ಬೆಳಿಗ್ಗೆ ಸಂಜೆ ಅದನ್ನೇ ಕಡಿದು ಹಾಕಿದೆವು. ಎರಡು ವಾರ ಕಳೆಯುವಷ್ಟರಲ್ಲಿ ಆಡುಗಳ ಕೂದಲು ಉದುರತೊಡಗಿತು, ಮೇವಿನ ಮೇಲೆ ಆಸೆ ಕಡಿಮೆಯಾಯಿತು. “ಓದಿ ಬಂದದ್ದು ಇದಕ್ಕೇನಪ್ಪಾ?” ಎಂದು ತಾಯಿ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಆ ಸೊಪ್ಪನ್ನು ನಿಲ್ಲಿಸಿ ಬೇರೆ ಮೇವು ಕೊಟ್ಟ ಮೇಲೆ ಆಡುಗಳು ಚೇತರಿಸಿಕೊಂಡವು.

ಸುಬಾಬುಲ್ ಕೆಟ್ಟ ಸೊಪ್ಪಲ್ಲ. ಒಣ ತೂಕದಲ್ಲಿ ಸುಮಾರು ಐದನೆಯ ಒಂದು ಭಾಗ ಸಸಾರಜನಕವಿರುವ ಪುಷ್ಟಿಕರವಾದ ಮೇವು. ಆದರೆ ಅದರಲ್ಲಿ ಮಿಮೋಸಿನ್ ಎಂಬ ವಿಷಾಂಶವೂ ಉಂಟು. ಆದ್ದರಿಂದ ಒಟ್ಟು ಮೇವಿನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕೊಡಕೂಡದು.

ದಿನದ ಲೆಕ್ಕ: ಕಟ್ಟಿ ಸಾಕುವ 25 ಕಿಲೊ ತೂಕದ ಆಡಿಗೆ ದಿನಕ್ಕೆ, ನೀರಿನಂಶ ಬಿಟ್ಟು, ಸುಮಾರು 1 ಕಿಲೊ ಮೇವು ಬೇಕು. ಹಸಿ ಸೊಪ್ಪಿನಲ್ಲಿ ಮುಕ್ಕಾಲು ಪಾಲು ನೀರೇ. ಎರಡೂವರೆ ಕಿಲೊ ಹಸಿ ಸೊಪ್ಪು, ಜೊತೆಗೆ 400 ಗ್ರಾಂ ಕಡಲೆಕಾಯಿ ಬಳ್ಳಿ ಅಥವಾ ಹುರುಳಿ ಹೊಟ್ಟು ಕೊಟ್ಟರೆ ಲೆಕ್ಕ ಸರಿಹೋಗುತ್ತದೆ. ಈ ಸೊಪ್ಪಿನಲ್ಲಿ ಸುಬಾಬುಲ್ 1 ಕಿಲೊ ಮೀರದಿರಲಿ. ಉಳಿದದ್ದಕ್ಕೆ ಈ ಕೆಳಗಿನವು ಉತ್ತಮ.

1. ಅಗಸೆ ಮರದ ಸೊಪ್ಪು: ಮೃದುವಾದುದು, ಆಡುಗಳು ಆಸೆಯಿಂದ ತಿನ್ನುತ್ತವೆ.

2. ಗ್ಲಿರಿಸಿಡಿಯ, ಅಂದರೆ ಗೊಬ್ಬರದ ಗಿಡ: ಇದರ ವಾಸನೆಗೆ ಆಡುಗಳು ಮೊದಲು ಮೂತಿ ತಿರುಗಿಸುತ್ತವೆ. ಅರ್ಧ ದಿನ ಬಾಡಿಸಿ, ಸ್ವಲ್ಪ ಸ್ವಲ್ಪವಾಗಿ ಅಭ್ಯಾಸ ಮಾಡಿಸತಕ್ಕದ್ದು.

3. ಹಲಸಿನ ಸೊಪ್ಪು: ಬೇಸಿಗೆಯಲ್ಲಿಯೂ ಹಸುರಾಗಿ ಸಿಗುತ್ತದೆ.

4. ಕುದುರೆಮೆಂತ್ಯ: ನೀರಾವರಿ ಇದ್ದವರು ಬೆಳೆಯಬಹುದು. ಇಬ್ಬನಿ ಆರುವ ಮೊದಲು ಹಸಿದ ಹೊಟ್ಟೆಗೆ ಕೊಟ್ಟರೆ ಹೊಟ್ಟೆ ಉಬ್ಬರಿಸುತ್ತದೆ. ಮೊದಲು ಒಣ ಮೇವು ತಿನ್ನಿಸಿ, ಬಳಿಕ ಇದನ್ನು ಹಾಕಿರಿ.

ದೂರವಿಡಬೇಕಾದವು: ಜೋಳದ ಎಳೆ ಪೈರು, ಮಳೆಯಿಲ್ಲದೆ ಬಾಡಿ ನಿಂತ ಜೋಳ ಮತ್ತು ಕೂಳೆಯ ಚಿಗುರು ಬಹಳ ಅಪಾಯಕರ. ಇವುಗಳಲ್ಲಿನ ಸೈನೈಡ್ ವಿಷ ಆಡನ್ನೇ ಅಲ್ಲ, ಎತ್ತನ್ನೂ ಕೆಲವೇ ನಿಮಿಷಗಳಲ್ಲಿ ಕೊಲ್ಲಬಲ್ಲುದು. ಹೂವು ಬಿಟ್ಟ ನಂತರವೇ ಜೋಳವನ್ನು ಮೇವಿಗೆ ಕೊಯ್ಯಿರಿ. ಕಣಗಿಲೆಯ ಎಲೆ ಸ್ವಲ್ಪ ತಿಂದರೂ ಪ್ರಾಣಾಪಾಯ. ಲಂಟಾನ ತಿಂದ ಆಡಿಗೆ ಕಾಮಾಲೆಯಾಗುತ್ತದೆ. ಇಂಥದ್ದನ್ನು ತಿಂದ ಸಂದೇಹ ಬಂದ ಕೂಡಲೇ, ಮನೆಮದ್ದಿಗೆ ಹೊತ್ತು ಕಳೆಯದೆ, ಪಶುವೈದ್ಯರನ್ನು ಕರೆಸಿರಿ.

ನಾನು ಮಾಡಿದ ತಪ್ಪು ಸುಬಾಬುಲ್ ಹಚ್ಚಿದ್ದಲ್ಲ, ಅದೊಂದನ್ನೇ ಹಚ್ಚಿದ್ದು. ಆದುದರಿಂದ ಮಳೆ ಹಿಡಿಯುತ್ತಲೇ ಬದುವಿನ ಮೇಲೆ ಕನಿಷ್ಠ ಮೂರು ಜಾತಿಯ ಸೊಪ್ಪಿನ ಮರ ಹಚ್ಚಿರಿ. ನಮ್ಮ ಬದುವಿನಲ್ಲಿ ಈಗ ಅಗಸೆ, ಗ್ಲಿರಿಸಿಡಿಯ, ಸುಬಾಬುಲ್ ಮೂರೂ ಇವೆ. ದಿನವೂ ಸೊಪ್ಪನ್ನು ಬೆರಸಿ ಹಾಕುವವರು ನಮ್ಮ ತಾಯಿಯೇ.