ಹೋಗುವಾಗ ಫೆರಿ, ಬರುವಾಗ ಸೇತುವೆ

ಪ್ರಶ್ನೆ: ಬರುವ ಜೂನ್‌ನಲ್ಲಿ ಕೋಪನ್‌ಹೇಗನ್‌ನಲ್ಲಿರುವ ಮಗಳ ಮನೆಗೆ ಹೊರಟಿದ್ದೇವೆ. ಒಂದು ದಿನ ಸ್ವೀಡನ್ನಿಗೂ ಹೋಗಿಬರುವ ಆಸೆ. ಸೇತುವೆ ಮೇಲೆ ರೈಲಿದೆ, ಹಡಗು ಯಾಕೆ ಅನ್ನುತ್ತಾಳೆ ಮಗಳು. ನನ್ನ ಪತ್ನಿಗೆ ಹೆಲ್ಸಿಂಗೋರ್‌ನಿಂದ ಹೆಲ್ಸಿಂಗ್‌ಬೋರ್ಗ್‌ಗೆ ಫೆರಿಯಲ್ಲೇ ದಾಟಬೇಕು. ಮೊದಲೇ ಟಿಕೆಟ್ ಮಾಡಿಸಬೇಕೆ? ಬೇರೆ ವೀಸಾ ಬೇಕೆ?
– ಓದುಗರೊಬ್ಬರು, ಧಾರವಾಡ

ಉತ್ತರ: ನಿಮ್ಮ ಪತ್ನಿಯ ಮಾತು ಕೇಳಿ. ಬರುವಾಗ ಮಗಳ ಮಾತೂ ನಡೆಯಲಿ: ಹೋಗುವುದು ಫೆರಿಯಲ್ಲಿ, ಮರಳುವುದು ಸೇತುವೆಯ ರೈಲಿನಲ್ಲಿ. ಹೋದ ದಾರಿಯಲ್ಲೇ ವಾಪಸ್ ಬರದೆ ಓರೆಸುಂಡ್ ಜಲಸಂಧಿಗೆ ಒಂದು ಪ್ರದಕ್ಷಿಣೆ ಹಾಕಿದ ಹಾಗಾಗುತ್ತದೆ.

ಈ ಕ್ರಮವನ್ನು ತಿರುವುಮುರುವು ಮಾಡಬೇಡಿ ಅನ್ನಲು ಕಾರಣವಿದೆ. 2000ದ ಜುಲೈ 1ರಂದು ತೆರೆದ ಓರೆಸುಂಡ್ ಸೇತುವೆ ಸುಮಾರು 8 ಕಿಲೋಮೀಟರ್ ಉದ್ದದ ದೊಡ್ಡ ಕೆಲಸ, ನಿಜ. ಆದರೆ ಅದರಲ್ಲಿ ಕಾರುಗಳು ಮೇಲೆ, ರೈಲು ಕೆಳಗೆ. ಕಿಟಕಿಯಾಚೆ ಕಡಲು ಕಾಣುವುದು ಉಕ್ಕಿನ ತೊಲೆಗಳ ಸಂದಿಯಲ್ಲಿ. ಡೆನ್ಮಾರ್ಕ್ ಕಡೆಯ ಕೊನೆಯ 4 ಕಿಲೋಮೀಟರಂತೂ ಸುರಂಗ. ದಣಿದು ಮರಳುವಾಗ ಅಷ್ಟು ಸಾಕು. ಹೊಸ ಕಣ್ಣಿನಲ್ಲಿ ಹೊರಟಾಗ ಸಾಲದು.

ಕೋಪನ್‌ಹೇಗನ್‌ನಿಂದ ಕರಾವಳಿ ರೈಲಿನಲ್ಲಿ ಮುಕ್ಕಾಲು ಗಂಟೆಗೆ ಹೆಲ್ಸಿಂಗೋರ್ ಸೇರುತ್ತೀರಿ. ಇಳಿದ ಕೂಡಲೇ ಫೆರಿ ಹತ್ತಿಬಿಡಬೇಡಿ. ಫೆರಿ ಕಟ್ಟೆ ನಿಲ್ದಾಣಕ್ಕೆ ಅಂಟಿಕೊಂಡೇ ಇದೆ, ಎಲ್ಲಿಗೂ ಹೋಗುವುದಿಲ್ಲ. ಮೊದಲು ಕ್ರೊನ್‌ಬೋರ್ಗ್ ಕೋಟೆಗೆ ನಡೆಯಿರಿ. ಷೇಕ್ಸ್‌ಪಿಯರ್ ಹ್ಯಾಮ್ಲೆಟ್‌ನ ಕಥೆಯನ್ನು ನಡೆಸಿದ ಎಲ್ಸಿನೋರ್ ಇದೇ ಊರು. ಅದೇ ಹ್ಯಾಮ್ಲೆಟ್ ಕುವೆಂಪು ಅವರ ಕೈಯಲ್ಲಿ ಬಿದನೂರಿನ ಕಥೆಯಾಗಿ 'ರಕ್ತಾಕ್ಷಿ' ಆಯಿತು. ಅದನ್ನು ಓದಿದವರಿಗೆ ಇಲ್ಲಿಯ ಕಲ್ಲಿನ ಪಡಸಾಲೆಗಳಲ್ಲಿ ಪರಿಚಯದ ನೆರಳೊಂದು ಸುಳಿದೀತು. ನೆಲಮಾಳಿಗೆಯ ಕತ್ತಲಲ್ಲಿ ಹೋಲ್ಗರ್ ಡಾನ್ಸ್ಕೆ ಎಂಬ ವೀರನ ವಿಗ್ರಹ ಕೂತಲ್ಲೇ ನಿದ್ದೆಹೋಗಿದೆ. ದೇಶಕ್ಕೆ ಆಪತ್ತು ಬಂದ ದಿನ ಆತ ಏಳುತ್ತಾನೆಂದು ಡೇನರ ಐತಿಹ್ಯ.

ಈ ಕೋಟೆ ಇಲ್ಲೇ ಯಾಕೆ ನಿಂತಿದೆ ಎಂಬುದು ಗೊತ್ತಿದ್ದರೆ ಆಮೇಲಿನ ಪಯಣಕ್ಕೇ ಬೇರೆ ರುಚಿ. ಬಾಲ್ಟಿಕ್ ಸಮುದ್ರಕ್ಕೆ ಹೋಗುವ ಹಡಗುಗಳ ಮುಖ್ಯ ದಾರಿ ಇದು. ಇಲ್ಲಿ ದಡದಿಂದ ದಡಕ್ಕೆ ಬರೀ 4 ಕಿಲೋಮೀಟರ್. 1429ರ ಹೊತ್ತಿಗೆ ಡೆನ್ಮಾರ್ಕಿನ ದೊರೆ ಎರಿಕ್ ಇಲ್ಲಿ ಸುಂಕದ ಕಟ್ಟೆ ಕಟ್ಟಿದ. ಆಗ ಎದುರು ದಡವೂ ಡೆನ್ಮಾರ್ಕಿನದೇ. ಅದು ಸ್ವೀಡನ್ನಿನ ಪಾಲಾದದ್ದು 1658ರ ಒಪ್ಪಂದದಲ್ಲಿ. ಎರಡೂ ಕಡೆ ಕೋಟೆ, ನಡುವೆ ಹಾಯುವ ಹಡಗು. ಸುಂಕ ಕಟ್ಟದೆ ಮುಂದೆ ಹೋಗುವುದು ಹೇಗೆ? ಮುಂದೆ ಸರಕಿನ ಬೆಲೆಯ ಮೇಲೆ ಸುಂಕ ಹಾಕಿದಾಗ ಬೆಲೆ ಹೇಳುವ ಕೆಲಸವನ್ನು ಕಪ್ತಾನನಿಗೇ ಬಿಟ್ಟರು. ಒಂದೇ ಷರತ್ತು: ಆತ ಹೇಳಿದ ಬೆಲೆಗೆ ಸರಕನ್ನು ಕೊಂಡುಕೊಳ್ಳುವ ಹಕ್ಕು ದೊರೆಗೆ ಇರುತ್ತಿತ್ತು. ಕಡಿಮೆ ಹೇಳಿದರೆ ಸರಕೇ ಕೈಬಿಟ್ಟು ಹೋದೀತು, ಹೆಚ್ಚು ಹೇಳಿದರೆ ಸುಂಕ ಏರೀತು. ಹಡಗಿನ ಉಗ್ರಾಣ ಜಾಲಾಡದೆಯೇ ನಿಜ ಹೊರಡಿಸುವ ಇಷ್ಟು ಜಾಣ ಉಪಾಯ ಇನ್ನೊಂದನ್ನು ನಾನು ಕಂಡಿಲ್ಲ. ಆ ಸುಂಕ ನಿಂತದ್ದು 1857ರಲ್ಲಿ.

ಮಧ್ಯಾಹ್ನಕ್ಕೆ ಫೆರಿ ಹತ್ತಿರಿ. ಕಾರಿಲ್ಲದೆ ಕಾಲ್ನಡಿಗೆಯಲ್ಲಿ ಬರುವವರು ಮುಂಗಡವಾಗಿ ಟಿಕೆಟ್ ಮಾಡಿಸಬೇಕಿಲ್ಲ. ಕಟ್ಟೆಯಲ್ಲೇ ಕೊಂಡು ಹೊರಡಬಹುದು. ಹಗಲಿನಲ್ಲಿ ಒಂದು ತಪ್ಪಿದರೆ ಸ್ವಲ್ಪ ಹೊತ್ತಿಗೇ ಇನ್ನೊಂದು. ಹತ್ತಿದ ಮೇಲೆ ಒಳಗಿನ ಕ್ಯಾಂಟೀನಿನಲ್ಲಿ ಕೂರದೆ ಮೇಲಿನ ಅಟ್ಟಕ್ಕೆ ಹೋಗಿ, ಎಡಬದಿಯ ಕಂಬಿ ಹಿಡಿದು ನಿಲ್ಲಿ. ಹಡಗು ಬಂದರು ದಾಟುತ್ತಲೇ ಕ್ರೊನ್‌ಬೋರ್ಗ್‌ನ ಹಸಿರು ತಾಮ್ರದ ಮಾಡು, ಕೊತ್ತಲದ ಮೇಲಿನ ಫಿರಂಗಿಗಳು ಪಕ್ಕದಲ್ಲೇ ಸರಿಯುತ್ತವೆ. ಸುಂಕಕ್ಕೆ ನಿಂತ ನಾವಿಕರು ಕೋಟೆಯನ್ನು ಕಂಡದ್ದು ನೀರಿನಿಂದಲೇ. ಜೂನ್ ಆದರೂ ಗಾಳಿ ಚಳಿಯದು, ಸ್ವೆಟರ್ ಇರಲಿ.

ಹಡಗನ್ನೂ ನೋಡಿ. ಈ ದಾರಿಯ 'ಟೈಕೊ ಬ್ರಾಹೆ' ಮತ್ತು 'ಅರೋರಾ' ಎರಡೂ 2018ರಿಂದ ಬ್ಯಾಟರಿಯಲ್ಲಿ ಓಡುತ್ತಿವೆ. ಒಂದೊಂದರಲ್ಲೂ 4,160 ಕಿಲೋವ್ಯಾಟ್ ಅವರ್ ವಿದ್ಯುತ್ ಹಿಡಿಯುವ ಬ್ಯಾಟರಿಗಳಿವೆ. ಹಡಗು ಕಟ್ಟೆಗೆ ತಾಗುತ್ತಲೇ ಅಲ್ಲಿಯ ಗೋಪುರದಿಂದ ಯಂತ್ರದ ತೋಳೊಂದು ಚಾಚಿ ತಾನೇ ತಂತಿ ಜೋಡಿಸುತ್ತದೆ. ಕಾರುಗಳು ಇಳಿದು ಹತ್ತುವ ಕೆಲವೇ ನಿಮಿಷಗಳಲ್ಲಿ ಚಾರ್ಜ್ ಮುಗಿದಿರುತ್ತದೆ. ಹಡಗಿನ ಎರಡೂ ತುದಿ ಮೂತಿಯೇ ಆದ್ದರಿಂದ ಅದು ತಿರುಗುವುದೂ ಇಲ್ಲ. 1892ರಿಂದ ಸೇತುವೆ ಬರುವವರೆಗೆ ರೈಲು ಡಬ್ಬಿಗಳೂ ಇಲ್ಲಿ ಫೆರಿಯ ಹೊಟ್ಟೆಯಲ್ಲಿ ದಾಟುತ್ತಿದ್ದವು.

ದಾಟಲು ಇಪ್ಪತ್ತು ನಿಮಿಷ. ಹೆಲ್ಸಿಂಗ್‌ಬೋರ್ಗ್‌ನವರಲ್ಲಿ ದಡಕ್ಕೇ ಇಳಿಯದೆ ಹಿಂದಕ್ಕೂ ಮುಂದಕ್ಕೂ ಓಡಾಡುತ್ತ ಊಟ, ಹರಟೆ ಮುಗಿಸುವ ಹಳೆಯ ರೂಢಿ ಇದೆ. ಅದಕ್ಕೆ 'ತೂರ' ಎಂದು ಹೆಸರು. ನೀವು ಇಳಿಯಿರಿ. ಮೆಟ್ಟಿಲು ಹತ್ತಿ ಶ್ಯಾರ್ನನ್ ಎಂಬ ಮಧ್ಯಯುಗದ ಗೋಪುರದ ಬುಡಕ್ಕೆ ಹೋದರೆ, ಬೆಳಿಗ್ಗೆ ನಿಂತಿದ್ದ ಕೋಟೆ ನೀರಿನಾಚೆ ಕಾಣುತ್ತದೆ. ಫೆರಿ, ರೈಲು, ಬಸ್ಸು ಒಂದೇ ಸೂರಿನಡಿ ಇರುವುದರಿಂದ ಮರಳುವ ರೈಲಿಗೆ ಹುಡುಕಾಟವಿಲ್ಲ. ಮಾಲ್ಮೊ ಹಾದು ಕೋಪನ್‌ಹೇಗನ್‌ಗೆ ನೇರ ರೈಲಿದೆ, ಒಂದೂವರೆ ಗಂಟೆ ಹಿಡಿಯಿರಿ.

ಇನ್ನು ವೀಸಾ. ಎರಡೂ ದೇಶ ಷೆಂಗೆನ್ ಒಪ್ಪಂದದಲ್ಲಿವೆ. ಡೆನ್ಮಾರ್ಕಿಗೆ ಪಡೆದ ಷೆಂಗೆನ್ ವೀಸಾ ಸ್ವೀಡನ್ನಿಗೂ ನಡೆಯುತ್ತದೆ. ಎರಡೂ ಕಡೆ ಯೂರೊ ಇಲ್ಲ, ಬೇರೆ ಬೇರೆ ಕ್ರೋನ್. ಕಾರ್ಡಿದ್ದರೆ ನೋಟು ಬದಲಿಸುವ ಗೋಜಿಲ್ಲ. ಆದರೆ ಒಂದು ಮಾತು ಮರೆಯಬೇಡಿ. 2015ರ ನಂತರ ಸ್ವೀಡನ್ ಗಡಿಯಲ್ಲಿ ತಪಾಸಣೆ ಮತ್ತೆ ಶುರುವಾಗಿದೆ, ಫೋನಿನಲ್ಲಿರುವ ಫೋಟೊ ಸಾಲದು. ಇಬ್ಬರ ಪಾಸ್‌ಪೋರ್ಟೂ ಆ ದಿನ ಜೊತೆಯಲ್ಲೇ ಇರಲಿ.