ಶಿವಮೊಗ್ಗದಲ್ಲಿ ಕೊನೆಯ ದಿನವೇ?

ರಾತ್ರಿ ರೈಲಿದೆ, ಹಗಲೆಲ್ಲ ಕೈಯಲ್ಲಿದೆ ಎಂದು ಜೋಗಕ್ಕೆ ಓಡಬೇಡಿ. ದಿನವೆಲ್ಲ ದಾರಿಯಲ್ಲೇ ಕಳೆದೀತು. ಬೆಳಿಗ್ಗೆಯೇ ತೀರ್ಥಹಳ್ಳಿ ರಸ್ತೆ ಹಿಡಿಯಿರಿ. ಆ ರಸ್ತೆಯ ಸಕ್ರೆಬೈಲು ಬಿಡಾರದ ಆನೆಗಳು ತುಂಗೆಯ ಹಿನ್ನೀರಿನಲ್ಲಿ ಮೀಯುವುದು ಬೆಳಗಿನ ಹೊತ್ತು. ತಡವಾದರೆ ಕಾಡಿಗೆ ಹೊರಟಿರುತ್ತವೆ. ಆ ಹಿನ್ನೀರು ಪಕ್ಕದ ಗಾಜನೂರು ಅಣೆಕಟ್ಟೆಯದು. (ರಾಜಕುಮಾರ್ ಹುಟ್ಟೂರು ಇದಲ್ಲ, ಆ ಗಾಜನೂರು ತಾಳವಾಡಿ ಕಡೆಯದು.) ಮಳೆಗಾಲದಲ್ಲಿ ಗೇಟು ತೆರೆದಾಗ ನೋಟವೇನೋ ಚೆಂದ, ಆದರೆ ಫೋಟೊಗೆಂದು ನೀರಿನಂಚಿಗೆ ಇಳಿಯಬೇಡಿ. ಮಧ್ಯಾಹ್ನ ಪೇಟೆಗೆ ಮರಳಿ ಶಿವಪ್ಪನಾಯಕನ ಅರಮನೆಗೆ ಹೋಗಿ. ಮರದ ಕಂಬಗಳ ದರ್ಬಾರು ಸಭಾಂಗಣ, ಅಂಗಳದ ವೀರಗಲ್ಲುಗಳು: ಅವಸರದಲ್ಲಿ ನೋಡುವಂಥವಲ್ಲ. ಊರು ಬಿಡಲು ಮನಸ್ಸು ಬಾರದಿದ್ದರೆ ಅಲ್ಲೇ ಒಂದಿಷ್ಟು ಹೊತ್ತು ಕೂತುಬಿಡಿ. ತುಂಗಭದ್ರೆಯರು ಸೇರುವ ಕೂಡ್ಲಿ ಉಳಿದುಹೋಯಿತೇ? ಉಳಿಯಲಿ. ಮುಂದಿನ ಸಲ ಮೊದಲು ಅಲ್ಲಿಗೇ ಹೋಗಿ.