ಕಾರು ಮುಗ್ಗರಿಸಿದ್ದೇಕೆ?

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ವ್ಯಾಪಾರ ಮಾಡುವ ನಮ್ಮ ಮಿತ್ರರೊಬ್ಬರು ಈಚೆಗೆ ಎರಡೇ ಆಸನಗಳುಳ್ಳ ಒಂದು ಹಳೆಯ ಸ್ಪೋರ್ಟ್ಸ್ ಕಾರನ್ನು ಕೊಂಡರು. ಅದು ಹಲವು ವರ್ಷಗಳ ಆಸೆ. ಕೂಡಿಟ್ಟ ಹಣದ ಬಹುಪಾಲು ಅದಕ್ಕೇ ಸಂದಿತ್ತು. ಮನೆಗೆ ಬಂದ ಎರಡನೆಯ ದಿನವೇ ದೋಷ ಕಾಣಿಸಿಕೊಂಡಿತು. ಆಕ್ಸಿಲರೇಟರನ್ನು ಪೂರ್ತಿ ತುಳಿದರೆ ಕಾರು ಮುಂದಕ್ಕೆ ಹಾರುವ ಬದಲು ತಡವರಿಸಿ, ಎರಡು ಮೂರು ಬಾರಿ ಜಗ್ಗಿ, ಆಮೇಲೆ ಓಡುತ್ತಿತ್ತು. ಗ್ಯಾರೇಜಿನವರ ಮಾತಿನಲ್ಲಿ ಹೇಳುವುದಾದರೆ ‘ಮಿಸ್ಸಿಂಗ್ ಹೊಡೆಯುತ್ತಿತ್ತು’. “ನಮ್ಮೂರ ಮೆಣಸಿನಕಾಯಿ ಇದ್ದಂಗ ಐತ್ರಿ ಇದು, ಬಣ್ಣ ಭಾಳ, ಖಾರ ಕಡಿಮಿ” ಎಂದು ಮಿತ್ರರು ನಕ್ಕರು. ಆದರೆ ಅದು ನಗುವ ಸಂಗತಿಯಾಗಿರಲಿಲ್ಲ. ಬ್ಯಾಡಗಿಯ ರಸ್ತೆ ಮೋಟೆಬೆನ್ನೂರಿನ ಬಳಿ ಪುಣೆ–ಬೆಂಗಳೂರು ಹೆದ್ದಾರಿಯನ್ನು ಸೇರುತ್ತದೆ. ಆ ದಾರಿಗೆ ನುಗ್ಗುವ ಗಳಿಗೆಯಲ್ಲಿ ಎಂಜಿನು ತಡವರಿಸಿದರೆ, ಹಿಂದಿನಿಂದ ಬರುವ ಲಾರಿ ತಡವರಿಸುವುದಿಲ್ಲ.

ನಾವು ಹಾವೇರಿಯಿಂದ ಹೋಗುವ ಹೊತ್ತಿಗೆ ಮೆಕ್ಯಾನಿಕ್ ಒಬ್ಬರು “ಪೆಟ್ರೋಲ್ ಸರಿಯಾಗಿ ಬರವಲ್ದ್ರಿ” ಎಂದು ಪಂಪನ್ನೇ ಬದಲಾಯಿಸಿಬಿಟ್ಟಿದ್ದರು. ದೋಷ ಕದಲಲಿಲ್ಲ. ಮುಂದಿನ ಸಲಹೆ ಎಂಜಿನನ್ನು ಬಿಚ್ಚಬೇಕೆಂಬುದು. ಮಿತ್ರರ ಸಂದೇಹವಾದರೋ ಪೆಟ್ರೋಲಿನಲ್ಲಿ ಬೆರೆತಿರುವ ಎಥೆನಾಲಿನ ಮೇಲೆ. ರಾಣೆಬೆನ್ನೂರಿನ ಸುತ್ತಲೂ ಬೆಳೆಯುವಂಥ ಮೆಕ್ಕೆಜೋಳದಿಂದಲೂ ಈಗ ಎಥೆನಾಲನ್ನು ತಯಾರಿಸುತ್ತಾರೆ. ಅದು ನೀರನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರು ಕೊಳವೆಗಳನ್ನು ಕೆಡಿಸುತ್ತದೆ ಎಂಬುದೂ ನಿಜವೇ. ಆದರೆ ಸಂದೇಹ ಸಕಾರಣವಾದ ಮಾತ್ರಕ್ಕೆ ಸಿದ್ಧಾಂತವಾಗಲಾರದು.

ಪೆಟ್ರೋಲ್ ಎಂಜಿನು ನಡೆಯಲು ವಾಯು, ಪೆಟ್ರೋಲು, ಕಿಡಿ ಈ ಮೂರೂ ತಕ್ಕ ಪ್ರಮಾಣದಲ್ಲಿ, ತಕ್ಕ ಸಮಯದಲ್ಲಿ ಒದಗಬೇಕು. 1 ಗ್ರಾಂ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ವಾಯು ಬೇಕು. 1888ರಲ್ಲಿ ಬರ್ತಾ ಬೆಂಜ್ ಎಂಬ ಧೀರ ಮಹಿಳೆ ತನ್ನ ಗಂಡ ನಿರ್ಮಿಸಿದ ಮೋಟಾರು ಬಂಡಿಯಲ್ಲಿ ಜರ್ಮನಿಯ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ, ನೂರು ಕಿಲೊಮೀಟರಿಗೂ ಮಿಕ್ಕ ದೂರ, ಪಯಣಿಸಿದಳಷ್ಟೆ. ದಾರಿಯಲ್ಲಿ ಕಟ್ಟಿಕೊಂಡ ಇಂಧನದ ಕೊಳವೆಯನ್ನು ಟೋಪಿಯ ಸೂಜಿಯಿಂದ ಬಿಡಿಸಿದಳೆಂದೂ, ಸವೆದ ವಿದ್ಯುತ್ ತಂತಿಗೆ ಕಾಲುಚೀಲದ ಪಟ್ಟಿಯನ್ನು ಸುತ್ತಿದಳೆಂದೂ ಹೇಳುತ್ತಾರೆ. ನಮ್ಮ ಮಿತ್ರರ ಕಾರಿನ ರೋಗವೂ ಈ ಎರಡರಲ್ಲಿ ಒಂದಾಗಿರಬಹುದು, ಇಲ್ಲವೇ ವಾಯುವಿಗೆ ಸಂಬಂಧಿಸಿದ ಮೂರನೆಯದಿರಬಹುದು. ಯಾವುದೆಂದು ತಿಳಿಯಲು ಎಂಜಿನನ್ನು ಬಿಚ್ಚಬೇಕಾಗಿಲ್ಲ. ಅದನ್ನೇ ಪ್ರಶ್ನಿಸಿದರೆ ಸಾಕು.

ಮೊದಲು ವಾಯು. ಥ್ರಾಟಲ್ ತೆರಪಿನಿಂದಾಚೆಗೆ ಎಲ್ಲಿಯಾದರೂ ಬಿರುಕಿದ್ದರೆ, ಅಳತೆಗೆ ಸಿಕ್ಕದ ಗಾಳಿ ಒಳನುಗ್ಗಿ ಮಿಶ್ರಣವನ್ನು ತೆಳುಮಾಡುತ್ತದೆ. ಆದರೆ ಒಳಗಿನ ಒತ್ತಡ ಅತ್ಯಂತ ಕಡಮೆಯಿರುವುದು ಎಂಜಿನು ನಿಂತಲ್ಲೇ ತಿರುಗುವಾಗ. ಆಗ ಅದು ಹೊರಗಿನ ವಾಯುಭಾರದ ಸುಮಾರು ಮೂರರಲ್ಲಿ ಒಂದು ಪಾಲು. ಹೀಗಾಗಿ ಸೋರಿಕೆಯ ಕಾಟ ಆಗಲೇ ಹೆಚ್ಚಾಗಬೇಕು. ಈ ಕಾರು ನಿಂತಲ್ಲಿ ಒಂದೇ ಶ್ರುತಿಯಲ್ಲಿ ತಿರುಗುತ್ತಿತ್ತು. ಪೆಡಲನ್ನು ಥಟ್ಟನೆ ತುಳಿದಾಗ ಹಗುರವಾದ ಗಾಳಿ ಮುಂದೋಡಿ ಪೆಟ್ರೋಲು ಹಿಂದುಳಿಯುವುದೂ ಉಂಟು. ಆ ಕೊರತೆಯನ್ನು ಹಿಂದೆ ಕಾರ್ಬ್ಯುರೇಟರಿನ ಚಿಕ್ಕ ಪಂಪು ತುಂಬುತ್ತಿತ್ತು, ಈಗ ಕಂಪ್ಯೂಟರು ತುಂಬುತ್ತದೆ. ಆದರೆ ನಾವು ಪೆಡಲನ್ನು ಮೆಲ್ಲಮೆಲ್ಲನೆ ಒತ್ತಿದರೂ, ಕೊನೆಗೆ ಪೂರ್ತಿ ಒತ್ತಿದಾಗ ಕಾರು ಜಗ್ಗಿಯೇ ಜಗ್ಗಿತು.

ಇನ್ನು ಪೆಟ್ರೋಲು. ರಾಣೆಬೆನ್ನೂರಿನ ಕಡೆಗೆ, ಹೆದ್ದಾರಿ ಬರಿದಾಗಿದ್ದಾಗ ಎರಡು ಪರೀಕ್ಷೆ ಮಾಡಿದೆವು. ಎರಡನೆಯ ಗಿಯರಿನಲ್ಲಿ ಪೂರ್ತಿ ತುಳಿದು ಎಂಜಿನನ್ನು ನಿಮಿಷಕ್ಕೆ 5000 ಸುತ್ತುಗಳವರೆಗೆ ಏರಿಸಿದೆವು. ಆರಂಭದ ಒಂದೆರಡು ಜಗ್ಗಾಟ ಮುಗಿದ ಮೇಲೆ ಓಟ ಬೆಣ್ಣೆಯಂತಿತ್ತು. ಆಮೇಲೆ ಐದನೆಯ ಗಿಯರಿನಲ್ಲಿ, ಸುಮಾರು 1500 ಸುತ್ತುಗಳಲ್ಲಿ ಪೂರ್ತಿ ತುಳಿದೆವು. ಕಾರು ಎಡೆಬಿಡದೆ ಮುಗ್ಗರಿಸಿತು. ವಾಚಕರು ಇಲ್ಲಿ ತುಸು ನಿಂತು ಯೋಚಿಸಬೇಕು. ಮೊದಲನೆಯ ಪರೀಕ್ಷೆಯಲ್ಲಿ ಎಂಜಿನು ನಿಮಿಷವೊಂದಕ್ಕೆ ಎರಡನೆಯದರ ಮೂರುಪಟ್ಟಿಗೂ ಹೆಚ್ಚು ಪೆಟ್ರೋಲನ್ನು ಕುಡಿಯುತ್ತದೆ. ಫಿಲ್ಟರು ಕಟ್ಟಿದ್ದರೆ, ಪಂಪು ಸೋತಿದ್ದರೆ, ಅಲ್ಲಿಯೇ ಕಂಗೆಡಬೇಕಾಗಿತ್ತು. ಹೊಟ್ಟೆತುಂಬ ಉಣ್ಣುವಾಗ ಇಲ್ಲದ ಬರ ತುತ್ತು ತಿನ್ನುವಾಗ ಬಂದೀತೆ?

ಉಳಿದದ್ದು ಕಿಡಿ. ಬ್ಯಾಟರಿಯ 12 ವೋಲ್ಟನ್ನು ಇಗ್ನಿಷನ್ ಕಾಯಿಲ್ ಹತ್ತಾರು ಸಾವಿರ ವೋಲ್ಟಿಗೆ ಏರಿಸುತ್ತದೆ. ಆಗ ಪ್ಲಗ್ಗಿನ ಸುಮಾರು ಒಂದು ಮಿಲಿಮೀಟರು ಎಡೆಯಲ್ಲಿ ಕಿಡಿ ಹಾರುತ್ತದೆ. ಜರ್ಮನಿಯ ಫ್ರೀಡ್ರಿಕ್ ಪಾಶೆನ್ 1889ರಲ್ಲಿ ಪ್ರಕಟಿಸಿದ ನಿಯಮದಂತೆ, ಕಿಡಿ ಹಾರಲು ಬೇಕಾದ ವೋಲ್ಟೇಜು ಎಡೆಯ ಅಗಲ ಮತ್ತು ಅನಿಲದ ಒತ್ತಡ ಇವೆರಡರ ಗುಣಲಬ್ಧವನ್ನು ಅವಲಂಬಿಸಿದೆ. ಎಂಜಿನಿನೊಳಗಿನ ಸ್ಥಿತಿಯಲ್ಲಿ ಗುಣಲಬ್ಧ ಹೆಚ್ಚಿದಷ್ಟೂ ವೋಲ್ಟೇಜು ಹೆಚ್ಚಬೇಕು. ಪೆಡಲನ್ನು ಪೂರ್ತಿ ಒತ್ತಿದಾಗ ಸಿಲಿಂಡರು ತುಂಬ ತುಂಬಿಕೊಂಡು ಒತ್ತಡ ಏರುತ್ತದೆ. ಅದೂ ಎಂಜಿನು ನಿಧಾನವಾಗಿ ತಿರುಗುತ್ತಿದ್ದರೆ ಕಿಡಿ ಹಾರುವುದು ಪಿಸ್ಟನ್ನು ಬಹುಮಟ್ಟಿಗೆ ತುದಿ ಮುಟ್ಟಿದ ಮೇಲೆ, ಅನಿಲ ಅತಿಯಾಗಿ ಅದುಮಿಕೊಂಡಾಗ. ವೇಗ ಹೆಚ್ಚಿದಾಗ ಕಿಡಿಯನ್ನು ಮುಂಚಿತವಾಗಿ ಬಿಡುವುದರಿಂದ ಒತ್ತಡ ಅಷ್ಟಿರದು. ಐದನೆಯ ಗಿಯರಿನ ರಹಸ್ಯ ಇದೇ. ಮಳೆಯ ಮುಂಜಾನೆ ತೊಂದರೆ ಹೆಚ್ಚೆಂದು ಮಿತ್ರರು ಹೇಳಿದ್ದ ಮಾತೂ ಈಗ ಅರ್ಥವಾಯಿತು.

ರಾಣೆಬೆನ್ನೂರಿನ ಗ್ಯಾರೇಜಿನಲ್ಲಿ ಪ್ಲಗ್ಗಿನ ತಂತಿಗಳ ರೋಧವನ್ನು ಮೀಟರಿನಿಂದ ಅಳೆದು “ಎಲ್ಲಾ ಬರೋಬರಿ ಅದಾವ್ರಿ” ಎಂದರು. ಮೀಟರು ಸುಳ್ಳಾಡಿರಲಿಲ್ಲ. ಆದರೆ ಅದು ಪ್ರಯೋಗಿಸುವುದು ಕೆಲವೇ ವೋಲ್ಟು. ಹೊದಿಕೆ ಸೋಲುವುದು ಸಾವಿರಾರು ವೋಲ್ಟಿಗೆ. ಕತ್ತಲಾಗುವವರೆಗೆ ಕಾದು, ಕಾರನ್ನು ಬಯಲಿನಲ್ಲಿ ನಿಲ್ಲಿಸಿ, ಎಂಜಿನು ತಿರುಗುತ್ತಿರುವಾಗ ತಂತಿಗಳ ಮೇಲೆ ದೂರದಿಂದ ನೀರಿನ ತುಂತುರನ್ನು ಹಾರಿಸಿದೆವು. (ಮುಚ್ಚಿದ ಕೋಣೆಯಲ್ಲಿ ಇದನ್ನು ಮಾಡಕೂಡದು, ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡು ಪ್ರಾಣಾಂತಕ. ತಂತಿಯನ್ನು ಮುಟ್ಟಲೂ ಕೂಡದು.) ಮೂರನೆಯ ಸಿಲಿಂಡರಿನ ತಂತಿ ಎಂಜಿನಿನ ಲೋಹವನ್ನು ತಾಗುವಲ್ಲಿ ನೀಲಿ ಮಿಂಚೊಂದು ಟಿಕ್ ಟಿಕ್ ಎಂದು ಕುಣಿಯಿತು! ಪ್ಲಗ್ಗುಗಳನ್ನು ತೆಗೆದು ನೋಡಿದರೆ ಎಡೆ ಸವೆದು ಅಗಲವಾಗಿತ್ತು. ಅಷ್ಟಗಲವನ್ನು ದಾಟುವುದಕ್ಕಿಂತ, ಬಿಸಿಲು ಬೇಗೆಗೆ ಸೀಳಿದ ಹೊದಿಕೆಯಿಂದ ಹೊರಜಿಗಿಯುವುದೇ ವಿದ್ಯುತ್ತಿಗೆ ಸುಲಭವಾಗಿತ್ತು. ಹೀಗೆಯೇ ಬಹುಕಾಲ ಓಡಿಸಿದ್ದರೆ, ಉರಿಯದೆ ಹೊರಬಿದ್ದ ಪೆಟ್ರೋಲು ಹೊಗೆಕೊಳವೆಯ ಕೆಟಲಿಟಿಕ್ ಕನ್ವರ್ಟರಿನಲ್ಲಿ ಉರಿದು ಅದನ್ನೂ ಹಾಳುಮಾಡುತ್ತಿತ್ತು.

ಮರುದಿನ ಹೊಸ ತಂತಿಗಳೂ ಪ್ಲಗ್ಗುಗಳೂ ಬಂದವು. ಐದನೆಯ ಗಿಯರು, 1500 ಸುತ್ತು, ಪೂರ್ತಿ ಪೆಡಲು: ಕಾರು ಅಳುಕದೆ ಏರಿತು. ಅಲ್ಲಿಗೆ ಬಿಡದೆ, ಹಳೆಯ ಮೂರನೆಯ ತಂತಿಯೊಂದನ್ನೇ ಮತ್ತೆ ಹಾಕಿಕೊಡಿರೆಂದು ಕೇಳಿದೆವು. ಮೆಕ್ಯಾನಿಕ್ಕರು ನಮ್ಮನ್ನು ವಿಚಿತ್ರವಾಗಿ ನೋಡಿದರು; ಆದರೂ ಹಾಕಿದರು. ಜಗ್ಗಾಟ, ಮೊದಲಿಗಿಂತ ಕಡಮೆಯಾಗಿಯಾದರೂ, ಮರಳಿ ಬಂದಿತು. ತಂತಿಯನ್ನು ತೆಗೆಯಿಸಿ, ಮೋಟೆಬೆನ್ನೂರಿನ ತಿರುವಿನವರೆಗೆ ಮಿತ್ರರೇ ಓಡಿಸಿಕೊಂಡು ಬಂದರು. ದಾರಿಯುದ್ದಕ್ಕೂ ಅವರು ಕೇಳಿದ್ದು ಒಂದೇ ಪ್ರಶ್ನೆ: ಬದಲಾಯಿಸಿದ ಆ ಹಳೆಯ ಪಂಪನ್ನು ಈಗ ಏನು ಮಾಡುವುದು?